ಹಳೆಯ ನೆಗೆಟಿವ್‌ಗಳನ್ನು ಇನ್ನೂ ಏಕೆ ಇಟ್ಟುಕೊಂಡಿದ್ದೀರಿ?

ತಿಪಟೂರಿನ ನಮ್ಮ ಸ್ಟುಡಿಯೋದ ಹಿಂಬದಿಯ ಕೋಣೆಯನ್ನು ನೋಡಿದವರೆಲ್ಲರೂ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. ಗೋಡೆಯುದ್ದಕ್ಕೂ ಪೇರಿಸಿಟ್ಟಿರುವ ನೆಗೆಟಿವ್ ಪೆಟ್ಟಿಗೆಗಳನ್ನು ತೋರಿಸಿ, ಇವುಗಳಿಂದ ಇನ್ನೇನು ಪ್ರಯೋಜನ, ಏಕೆ ಇಟ್ಟುಕೊಂಡಿದ್ದೀರಿ ಎಂದು ಅವರು ಕೇಳುತ್ತಾರೆ. ಅಂಗಡಿ ಬಾಡಿಗೆ ಏರುತ್ತಲೇ ಇರುವಾಗ ಒಂದು ಇಡೀ ಕೋಣೆಯನ್ನು ಯಾರೂ ಕೇಳದ ಚಿತ್ರಗಳಿಗಾಗಿ ಬಿಟ್ಟುಕೊಟ್ಟಿರುವುದು ಬಂಧುಗಳಿಗೆ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಕಸುಬಿನವರಂತೂ ಇದನ್ನು ಇನ್ನಷ್ಟು ನೇರವಾಗಿ ಕೇಳುತ್ತಾರೆ, ಏಕೆಂದರೆ ಅವರಲ್ಲಿ ಹೆಚ್ಚಿನವರು ತಮ್ಮ ನೆಗೆಟಿವ್‌ಗಳನ್ನು ಬಹಳ ಹಿಂದೆಯೇ ವಿಲೇವಾರಿ ಮಾಡಿದ್ದಾರೆ. ಗಿರಾಕಿಗಳ ನಡುವೆ ನಿಂತು ಕೊಡುವ ಉತ್ತರ ಯಾವಾಗಲೂ ಅರ್ಧಕ್ಕೇ ನಿಲ್ಲುವುದರಿಂದ, ಪೂರ್ತಿ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಇಟ್ಟುಕೊಳ್ಳುತ್ತೇವೆ ಎಂದು ನಾವು ಮಾತು ಕೊಟ್ಟಿದ್ದೇವೆ, ಅದಕ್ಕಾಗಿ ಇಟ್ಟುಕೊಂಡಿದ್ದೇನೆ. ನಮ್ಮ ತಂದೆಯವರ ಕಾಲದಲ್ಲಿ ಫೋಟೋ ಹಾಕಿ ಕೊಡುತ್ತಿದ್ದ ಸಣ್ಣ ಕವರಿನ ಮೇಲೆ ಸ್ಟುಡಿಯೋದ ಹೆಸರಿನ ಕೆಳಗೆ, ನೆಗೆಟಿವ್ ಕಾದಿರಿಸಲಾಗಿದೆ, ಹೆಚ್ಚಿನ ಪ್ರತಿಗಳು ಬೇಕಾದಲ್ಲಿ ಈ ಸಂಖ್ಯೆಯನ್ನು ತಿಳಿಸಿ ಎಂದು ಅಚ್ಚಾಗಿರುತ್ತಿತ್ತು ಮತ್ತು ಅದರ ಪಕ್ಕದಲ್ಲಿ ಅವರು ಶಾಯಿಯಿಂದ ಸಂಖ್ಯೆಯನ್ನು ಬರೆಯುತ್ತಿದ್ದರು. ಅದು ವ್ಯಾಪಾರಕ್ಕಾಗಿ ಹಾಕಿದ ಸಾಲು ಎನ್ನುವುದು ನಿಜ. ಆದರೆ ಅದರಲ್ಲಿ ಅವಧಿಯನ್ನು ಹೇಳಿರಲಿಲ್ಲ. ಮೂರು ಪ್ರತಿಗೆ ಹಣ ಕೊಟ್ಟು ಹೋದ ಮನುಷ್ಯ ನಾಲ್ಕನೆಯ ಪ್ರತಿ ನಮ್ಮಲ್ಲಿ ಯಾವಾಗಲೂ ಸಿಗುತ್ತದೆ ಎಂದು ನಂಬಿಯೇ ಹೋಗಿದ್ದಾನೆ, ಮತ್ತು ಆ ನಂಬಿಕೆ ಅವನ ಮಕ್ಕಳಿಗೂ ದಾಟಿದೆ.

ಆ ಚಿತ್ರಗಳು ಹೇಗೆ ತಯಾರಾಗುತ್ತಿದ್ದವು ಎಂಬುದು ಗೊತ್ತಿದ್ದರೆ ಅವುಗಳ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ತಂದೆಯವರು ಹೆಚ್ಚು ಕಾಲ ಬಳಸಿದ್ದು ಯಾಶಿಕಾ ಕ್ಯಾಮೆರಾ. 120 ಅಳತೆಯ ಒಂದು ರೋಲಿನಲ್ಲಿ ಅದು ಹನ್ನೆರಡು ಚೌಕಾಕಾರದ ಚಿತ್ರಗಳನ್ನು ಕೊಡುತ್ತಿತ್ತು. ಊಟಿಯಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮ್ ಮತ್ತು ಕಾಗದ ನಮ್ಮಂಥ ಸಣ್ಣ ಊರಿನ ಸ್ಟುಡಿಯೋಗಳನ್ನು ಸಾಕಿತು ಎಂದೇ ಹೇಳಬೇಕು. ಒಬ್ಬ ಗಿರಾಕಿಗೆ ಒಂದೇ ಚಿತ್ರ, ಬಹಳವೆಂದರೆ ಎರಡು. ರೋಲಿನ ಹನ್ನೆರಡೂ ಚಿತ್ರಗಳು ತುಂಬುವವರೆಗೆ ತೊಳೆಯುವಂತಿಲ್ಲವಾದ್ದರಿಂದ ಗಿರಾಕಿಗಳಿಗೆ ಎರಡು ಮೂರು ದಿನ ಬಿಟ್ಟು ಬರಲು ಹೇಳುತ್ತಿದ್ದರು. ತೀರಾ ಅವಸರವಿದ್ದವರಿಗಾಗಿ ಡಾರ್ಕ್‌ರೂಮಿನ ಕತ್ತಲೆಯಲ್ಲಿ ಕೈಯಂದಾಜಿನಿಂದ ಫಿಲ್ಮನ್ನು ಕತ್ತರಿಸಿ, ಆದಷ್ಟು ಭಾಗವನ್ನು ಮಾತ್ರ ತೊಳೆಯುವುದೂ ಇತ್ತು. ಹೀಗಾಗಿ ಒಂದೇ ಪಟ್ಟಿಯಲ್ಲಿ ಹೈಸ್ಕೂಲಿನ ಮುಖ್ಯೋಪಾಧ್ಯಾಯರು, ಮದುವೆಗೆ ಗಂಡಿನ ಕಡೆಯವರಿಗೆ ಕಳಿಸಲು ಫೋಟೋ ತೆಗೆಸಿಕೊಂಡ ಹುಡುಗಿ, ಸಾಲದ ಅರ್ಜಿಗಾಗಿ ಬಂದ ರೈತ ಒಬ್ಬರ ಪಕ್ಕ ಒಬ್ಬರು ಕೂತಿದ್ದಾರೆ. ಆ ದಿನದ ಊರು ಅದೇ ಕ್ರಮದಲ್ಲಿ ಅಲ್ಲಿದೆ.

ತೊಳೆದು ಒಣಗಿಸಿದ ಮೇಲೆ ಟಚಿಂಗ್ ಕೆಲಸ. ಇಳಿಜಾರಾದ ಗಾಜಿನ ಹಲಗೆಯ ಮೇಲೆ ನೆಗೆಟಿವ್ ಇಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್ಲಿನಿಂದ ಮುಖದ ಮೇಲೆ ಸಣ್ಣ ಸಣ್ಣ ಗೀರುಗಳನ್ನು ಹಾಕುತ್ತಿದ್ದರು. ಮುಖದ ಗುಳಿಯಲ್ಲಿ ನೆರಳಿರುತ್ತದೆ, ನೆರಳಿರುವ ಜಾಗ ನೆಗೆಟಿವಿನಲ್ಲಿ ತೆಳುವಾಗಿರುತ್ತದೆ, ಆ ತೆಳುವಾದ ಜಾಗವನ್ನು ಪೆನ್ಸಿಲ್ ತುಂಬಿದರೆ ಕಾಗದದ ಮೇಲೆ ಗುಳಿ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಅದಕ್ಕೂ ಹಿಂದೆ ಹುಟ್ಟಿದವರಲ್ಲಿ ಮುಖದ ತುಂಬ ಕಲೆಗಳಿದ್ದವರು ಬಹಳ ಮಂದಿ. ತಂದೆಯವರು ಕಲೆಗಳನ್ನು ತಾವಾಗಿ ಅಳಿಸುತ್ತಿರಲಿಲ್ಲ, ಕೇಳಿಯೇ ಮಾಡುತ್ತಿದ್ದರು. ಹೆಣ್ಣು ನೋಡುವ ಶಾಸ್ತ್ರಕ್ಕೆ ಮುಂಚೆ ಫೋಟೋ ಕಳಿಸಬೇಕಾದ ಮನೆಯವರು ಅಳಿಸಿ ಎನ್ನುತ್ತಿದ್ದರು. ವಯಸ್ಸಾದ ಹೆಂಗಸರಲ್ಲಿ ಕೆಲವರು, “ಅಮ್ಮ ಕೊಟ್ಟ ಗುರುತು, ಇರ್ಲಿ ಬಿಡಪ್ಪ” ಎನ್ನುತ್ತಿದ್ದರು. ಈಗ ಆ ನೆಗೆಟಿವ್‌ಗಳನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮುಖದ ಮೇಲೆ ಸೀಸದ ಹೊಳಪು ಕಾಣುತ್ತದೆ. ಯಾರು ಅಳಿಸಿಕೊಂಡರು, ಯಾರು ಉಳಿಸಿಕೊಂಡರು ಎಂಬುದನ್ನು ಅಚ್ಚಾದ ಫೋಟೋ ಹೇಳಲಾರದು, ನೆಗೆಟಿವ್ ಹೇಳುತ್ತದೆ. ಒಬ್ಬ ಮನುಷ್ಯ ತಾನು ಹೇಗೆ ಕಾಣಬೇಕೆಂದು ಬಯಸಿದ ಎಂಬುದಕ್ಕೆ ಇದಕ್ಕಿಂತ ನಂಬಿಕೆಯ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇನ್ನು ಯಾರ ಚಿತ್ರಗಳಿವು ಎನ್ನುವುದು. ನಮ್ಮದು ಕೊಬ್ಬರಿ ಮಾರುಕಟ್ಟೆಯ ಊರು. ಹರಾಜಿನ ದಿನ ಸುತ್ತಲಿನ ಹಳ್ಳಿಗಳ ರೈತರು ಕೈಯಲ್ಲಿ ನಾಲ್ಕು ಕಾಸು ಆಡುವಾಗ ಹೆಂಡತಿ ಮಕ್ಕಳೊಡನೆ ಸ್ಟುಡಿಯೋಕ್ಕೆ ಬರುತ್ತಿದ್ದರು. ಅವರಿಗಾಗಿ ಬಾಚಣಿಗೆ, ಪೌಡರ್ ಡಬ್ಬಿ, ಕನ್ನಡಿಗಳ ಜೊತೆಗೆ ಒಂದು ಕೋಟು ಗೋಡೆಗೆ ತೂಗುಹಾಕಿರುತ್ತಿತ್ತು. ಹಿಂದಿನ ಪರದೆಯ ಮೇಲೆ ಬರೆದ ಕೊಳ, ಕಂಬಗಳ ಸಾಲು, ಮೆಟ್ಟಿಲುಗಳ ಮುಂದೆ ನಿಂತು ಅವರು ಕ್ಯಾಮೆರಾವನ್ನು ನೋಡುವ ರೀತಿಯಲ್ಲಿ ಒಂದು ಗಾಂಭೀರ್ಯವಿದೆ. ಆ ಕಾಲದವರು ಫೋಟೋಗಾಗಿ ನಗುತ್ತಿರಲಿಲ್ಲ, ನಗಿ ಎಂದು ತಂದೆಯವರು ಹೇಳುತ್ತಲೂ ಇರಲಿಲ್ಲ. ಇವರಿಗಿಂತ ದೊಡ್ಡ ಸಂಖ್ಯೆಯಲ್ಲಿದ್ದವರು ಸರ್ಕಾರಿ ಕಾಗದಕ್ಕಾಗಿ ಬಂದವರು: ಪರೀಕ್ಷೆಯ ಪ್ರವೇಶಪತ್ರ, ಬಸ್ ಪಾಸು, ಬ್ಯಾಂಕಿನ ಪಾಸ್‌ಬುಕ್, ವಿಧವಾ ವೇತನ, ವೃದ್ಧಾಪ್ಯ ವೇತನ. ಬದುಕಿನಲ್ಲಿ ಒಂದೇ ಒಂದು ಸಲ ಕ್ಯಾಮೆರಾದ ಮುಂದೆ ಕೂತು, ಅದೂ ಅರ್ಜಿಗೆ ಅಂಟಿಸಲೆಂದು ಕೂತು, ಮೂರು ಪ್ರತಿಗಳನ್ನೂ ಕಚೇರಿಗೆ ಕೊಟ್ಟುಬಿಟ್ಟವರ ಚಿತ್ರ ಈಗ ಎಲ್ಲಿದೆ? ಅರ್ಜಿಗಳು ಕಡತಗಳೊಡನೆ ಹೋದವು. ಮನೆಯಲ್ಲಿ ಏನೂ ಇಲ್ಲ. ಇರುವುದು ನೆಗೆಟಿವ್ ಮಾತ್ರ.

ಅದಕ್ಕಾಗಿಯೇ ಜನ ಹಿಂತಿರುಗಿ ಬರುತ್ತಾರೆ. ಹೆಚ್ಚಾಗಿ ಸಾವಿನ ನಂತರ ಬರುತ್ತಾರೆ, ಹನ್ನೊಂದನೆಯ ದಿನಕ್ಕೆ ಮೊದಲು, ಹಾರ ಹಾಕಲು ಒಂದು ಫೋಟೋ ಬೇಕೆಂದು. ಮದುವೆಯ ಗುಂಪು ಫೋಟೋದ ಅಂಚಿನಲ್ಲಿ ಅರ್ಧ ಮುಖ ಕಾಣುವ ಚಿತ್ರವನ್ನೋ, ಮೊಬೈಲಿನಲ್ಲಿ ಯಾರೋ ಆಸ್ಪತ್ರೆಯ ಮಂಚದ ಮೇಲೆ ತೆಗೆದ ಚಿತ್ರವನ್ನೋ ತಂದು, ಇದನ್ನೇ ಸರಿಮಾಡಿ ಕೊಡಿ ಎನ್ನುತ್ತಾರೆ. ಆಗ ನಾನು ಊರಿನ ಹೆಸರು, ಅಂದಾಜು ವರ್ಷ, ಯಾವ ಕಾರಣಕ್ಕೆ ಫೋಟೋ ತೆಗೆಸಿರಬಹುದು ಎಂದು ವಿಚಾರಿಸಿ ಆರ್ಡರ್ ಪುಸ್ತಕ ತೆಗೆಯುತ್ತೇನೆ. ಪ್ರತಿ ಸಲವೂ ಸಿಗುವುದಿಲ್ಲ. ಸಿಕ್ಕಾಗ, ತಮ್ಮ ತಾಯಿಯನ್ನು ಮುಪ್ಪಿನಲ್ಲಿ ಮಾತ್ರ ನೆನಪಿಟ್ಟುಕೊಂಡಿರುವ ಮಗನ ಕೈಗೆ ಅವಳ ಮೂವತ್ತರ ವಯಸ್ಸಿನ ಮುಖವನ್ನು ಕೊಡುತ್ತೇನೆ. ಈ ಒಂದು ಕೆಲಸಕ್ಕಾಗಿ ಆ ಕೋಣೆಯ ಬಾಡಿಗೆ ದುಬಾರಿ ಎಂದು ನನಗೆ ಅನ್ನಿಸುವುದಿಲ್ಲ.

ಕಸುಬಿನವರು ನೆಗೆಟಿವ್‌ಗಳನ್ನು ಕೊಟ್ಟುಬಿಟ್ಟದ್ದಕ್ಕೆ ಕಾರಣವಿಲ್ಲದಿಲ್ಲ. ಕಪ್ಪು ಬಿಳುಪು ನೆಗೆಟಿವಿನ ಚಿತ್ರವೇ ಬೆಳ್ಳಿಯಿಂದಾದದ್ದು. ತೊಳೆಯುವಾಗ ಬೆಳಕು ತಾಗದ ಭಾಗದ ಬೆಳ್ಳಿ ಹೈಪೋ ದ್ರಾವಣಕ್ಕೆ ಇಳಿದರೆ, ಬೆಳಕು ತಾಗಿದ್ದು ಫಿಲ್ಮಿನ ಮೇಲೆ ಉಳಿಯುತ್ತದೆ. ಹಾಗಾಗಿ ಬಳಸಿದ ಹೈಪೋವನ್ನು ಕೊಳ್ಳುವವರೂ, ಹಳೆಯ ನೆಗೆಟಿವ್‌ಗಳನ್ನು ತೂಕಕ್ಕೆ ಕೊಳ್ಳುವವರೂ ಸ್ಟುಡಿಯೋಗಳನ್ನು ಹುಡುಕಿಕೊಂಡು ಬರುತ್ತಿದ್ದರು. ಬಣ್ಣದ ನೆಗೆಟಿವ್ ಅವರಿಗೆ ಬೇಡ, ಏಕೆಂದರೆ ಅದರಲ್ಲಿ ಬೆಳ್ಳಿಯನ್ನು ತೊಳೆಯುವಾಗಲೇ ತೆಗೆದುಬಿಡುತ್ತಾರೆ, ಉಳಿಯುವುದು ಬಣ್ಣ ಮಾತ್ರ. ಕೆಲಸವಿಲ್ಲದ ತಿಂಗಳಲ್ಲಿ ಮನೆ ನಡೆಸಲು ಮಾರಿದವರನ್ನು ನಾನು ದೂರುವುದಿಲ್ಲ. ಆದರೆ ಅಲ್ಲಿ ಕರಗಿದ್ದು ಒಂದೊಂದು ತಾಲ್ಲೂಕಿನ ಮುಖಗಳು ಎಂಬುದನ್ನು ಹೇಳದೆ ಇರಲಾರೆ.

ಉಳಿದಿದ್ದರೆ ಏನಾಗಬಹುದಿತ್ತು ಎಂಬುದಕ್ಕೆ ನಾನು ಯಾವಾಗಲೂ ಕೊಡುವ ಉದಾಹರಣೆ ಅಮೆರಿಕದ ಅರ್ಕನ್ಸಾ ರಾಜ್ಯದ ಹೀಬರ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿನದು. ಅಲ್ಲಿ ಮೈಕ್ ಡಿಸ್‌ಫಾರ್ಮರ್ ಎಂಬ ಒಂಟಿ ಮನುಷ್ಯ ಸ್ಟುಡಿಯೋ ನಡೆಸುತ್ತಿದ್ದ. 1884ರಲ್ಲಿ ಜರ್ಮನ್ ಮೂಲದ ಕೃಷಿಕ ಕುಟುಂಬದಲ್ಲಿ ಮೇಯರ್ ಎಂಬ ಮನೆತನದ ಹೆಸರಿನೊಂದಿಗೆ ಹುಟ್ಟಿ, 1939ರಲ್ಲಿ ಕಾನೂನುಬದ್ಧವಾಗಿ ಹೆಸರು ಬದಲಿಸಿಕೊಂಡವನು. ಉತ್ತರದ ಬೆಳಕು ಬರುವಂತೆ ಕಟ್ಟಿದ ಸ್ಟುಡಿಯೋದಲ್ಲಿ, ಏನೂ ಬರೆಯದ ಪರದೆಯ ಮುಂದೆ ರೈತರನ್ನು, ಅಕ್ಕತಂಗಿಯರನ್ನು, ಯುದ್ಧಕ್ಕೆ ಹೊರಟ ಸೈನಿಕರನ್ನು ಅವರಿದ್ದಂತೆಯೇ ನಿಲ್ಲಿಸಿ, ಕೆಲವೇ ಸೆಂಟುಗಳಿಗೆ ಚಿತ್ರ ತೆಗೆದುಕೊಟ್ಟ. 1959ರಲ್ಲಿ ಅವನು ತೀರಿಕೊಂಡಾಗ ಬಿಟ್ಟುಹೋದ ಸುಮಾರು 3,000 ಗಾಜಿನ ನೆಗೆಟಿವ್‌ಗಳನ್ನು ಊರಿನ ಮಾಜಿ ಮೇಯರ್ ಜೋ ಆಲ್‌ಬ್ರೈಟ್ 5 ಡಾಲರ್ ಕೊಟ್ಟು ಕೊಂಡು ತಮ್ಮಲ್ಲಿ ಇಟ್ಟುಕೊಂಡರು. 1970ರ ದಶಕದಲ್ಲಿ ಸ್ಥಳೀಯ ಪತ್ರಿಕೆಯ ಸಂಪಾದಕ ಪೀಟರ್ ಮಿಲ್ಲರ್ ಅವುಗಳನ್ನು ಶುಚಿ ಮಾಡಿ ಅಚ್ಚು ಹಾಕಿದರು, ನ್ಯೂಯಾರ್ಕಿನ ಛಾಯಾಗ್ರಹಣ ಪತ್ರಿಕೆಯ ಸಂಪಾದಕಿ ಜೂಲಿಯಾ ಸ್ಕಲಿ ಅವರಿಗೆ ಕಳಿಸಿದರು, 1976ರಲ್ಲಿ ಪುಸ್ತಕವಾಯಿತು. ಇಂದು ವ್ಯಕ್ತಿಚಿತ್ರದ ಇತಿಹಾಸ ಬರೆಯುವವರು ಅವನನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಈ ಕಥೆಯಲ್ಲಿ ಎಲ್ಲರೂ ಡಿಸ್‌ಫಾರ್ಮರನ ಪ್ರತಿಭೆಯನ್ನು ಹೊಗಳುತ್ತಾರೆ, ನನಗೆ ಆಲ್‌ಬ್ರೈಟ್ ಅವರ ಬಗ್ಗೆಯೂ ಅಷ್ಟೇ ಗೌರವವಿದೆ.

ನಮ್ಮ ದೇಶದಲ್ಲೇ ಮಧ್ಯಪ್ರದೇಶದ ನಾಗದಾ ಎಂಬ ಕಾರ್ಖಾನೆಯ ಊರಿನಲ್ಲಿ ಸುಹಾಗ್ ಸ್ಟುಡಿಯೋ ನಡೆಸಿದ ಸುರೇಶ್ ಪಂಜಾಬಿ ಅವರ ಹಳೆಯ ನೆಗೆಟಿವ್‌ಗಳ ಮೇಲೆ ಕ್ರಿಸ್ಟೋಫರ್ ಪಿನ್ನಿ ಎಂಬ ವಿದ್ವಾಂಸರು ಕೆಲಸ ಮಾಡಿದ್ದಾರೆ. ಇನ್ನೊಂದು ಕಡೆ, ದೊಡ್ಡ ಹೆಸರಿನ ಕಲ್ಕತ್ತದ ಬೋರ್ನ್ ಆ್ಯಂಡ್ ಶೆಫರ್ಡ್ ಸಂಸ್ಥೆಯ ಸಂಗ್ರಹದ ಬಹುಭಾಗ 1991ರ ಬೆಂಕಿಯಲ್ಲಿ ಸುಟ್ಟುಹೋಯಿತು. ಉಳಿಯುವುದಕ್ಕೂ ಸ್ಟುಡಿಯೋದ ಹಿರಿಮೆಗೂ ಸಂಬಂಧವಿಲ್ಲ.

ಇಷ್ಟು ಕೇಳಿದವರು, ಹಾಗಿದ್ದರೆ ಎಲ್ಲವನ್ನೂ ಅಂತರ್ಜಾಲದಲ್ಲಿ ಹಾಕಿಬಿಡಿ, ಪ್ರದರ್ಶನ ಮಾಡಿ ಎನ್ನುತ್ತಾರೆ. ಇಲ್ಲಿ ನಾನು ಬಹಳ ಎಚ್ಚರದಿಂದ ಇರುತ್ತೇನೆ. ನೆಗೆಟಿವ್ ನನ್ನ ಪೆಟ್ಟಿಗೆಯಲ್ಲಿದೆ ಎಂದ ಮಾತ್ರಕ್ಕೆ ಚಿತ್ರ ನನ್ನದಾಗುವುದಿಲ್ಲ. ಒಬ್ಬರ ಕೋರಿಕೆಯ ಮೇಲೆ ಹಣ ಪಡೆದು ತೆಗೆದ ಫೋಟೋದ ಕೃತಿಸ್ವಾಮ್ಯ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿಕೊಂಡವರದೇ ಎಂದು 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ಕಾನೂನು ಹಾಗೆ ಹೇಳದಿದ್ದರೂ ನನ್ನ ನಿಲುವು ಅದೇ ಇರುತ್ತಿತ್ತು. ಲೆಬನಾನಿನ ಸೈದಾ ಪಟ್ಟಣದಲ್ಲಿ 1950ರ ದಶಕದಿಂದ ಸ್ಟುಡಿಯೋ ನಡೆಸಿದ ಹಾಶಿಮ್ ಅಲ್ ಮದನಿ ಹೇಳಿದ ಘಟನೆಯೊಂದು ನನ್ನನ್ನು ಬಿಟ್ಟಿಲ್ಲ. ಗಂಡನ ಅಪ್ಪಣೆಯಿಲ್ಲದೆ ಒಬ್ಬ ಹೆಂಗಸು ಅವರಲ್ಲಿ ಫೋಟೋ ತೆಗೆಸಿಕೊಂಡಿದ್ದಳು. ಗಂಡ ಬಂದು ನೆಗೆಟಿವ್ ಕೊಡಿ ಎಂದ. ಅದೇ ರೋಲಿನಲ್ಲಿ ಬೇರೆಯವರ ಚಿತ್ರಗಳೂ ಇದ್ದುದರಿಂದ ಕೊಡಲಾಗದೆ, ಕೊನೆಗೆ ಅವನೆದುರಿಗೇ ಪಿನ್ನಿನಿಂದ ಅವಳ ಚಿತ್ರಗಳನ್ನು ಗೀಚಬೇಕಾಯಿತು. ವರ್ಷಗಳ ಮೇಲೆ ಅವಳು ಆ ಸಂಸಾರ ತಾಳಲಾರದೆ ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಳು. ಅನಂತರ ಅದೇ ಗಂಡ ಬಂದು, ಗೀಚದೆ ಉಳಿದ ಚಿತ್ರವೇನಾದರೂ ಇದ್ದರೆ ದೊಡ್ಡದು ಮಾಡಿ ಕೊಡಿ ಎಂದು ಕೇಳಿದ. ಸ್ಟುಡಿಯೋದವನ ಕೈಯಲ್ಲಿ ಎಂಥ ವಸ್ತು ಇರುತ್ತದೆ ಎಂಬುದನ್ನು ಇದನ್ನು ಓದಿದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಸ್ವತಃ ತೆಗೆಸಿಕೊಂಡವರಿಗೆ, ಅವರಿಲ್ಲದಿದ್ದರೆ ಮನೆಯವರಿಗೆ ಮಾತ್ರ ನಾನು ಚಿತ್ರ ಕೊಡುತ್ತೇನೆ, ಯಾರೆಂದು ಖಚಿತವಾಗದಿದ್ದರೆ ಕೊಡುವುದಿಲ್ಲ.

ಈಗಿನ ಕೆಲಸದ ಬಗ್ಗೆಯೂ ಎರಡು ಮಾತು. ಆಧಾರ್ ನೋಂದಣಿ 2010ರಲ್ಲಿ ಶುರುವಾದಾಗ ಫೋಟೋವನ್ನು ಕೇಂದ್ರದಲ್ಲೇ ತೆಗೆದರು. ಪಾಸ್‌ಪೋರ್ಟ್ ಸೇವಾ ಕೇಂದ್ರಗಳೂ ಹಾಗೆಯೇ ಮಾಡಿದವು. ನಮ್ಮ ದಿನದ ಸಂಪಾದನೆ ಅಲ್ಲಿಗೆ ಸೊರಗಿತು. ಮದುವೆ, ನಾಮಕರಣಗಳು ಸ್ಟುಡಿಯೋವನ್ನು ಉಳಿಸಿವೆ. ಆದರೆ ನಮ್ಮ ಕಸುಬಿನವರಲ್ಲಿ ಅನೇಕರ ಬಳಿ 1975ರ ನೆಗೆಟಿವ್ ಇದೆ, 2005ರ ಮದುವೆಯ ಫೈಲು ಇಲ್ಲ. ಸಿಡಿಗಳು ಓದದಾದವು, ಹಾರ್ಡ್ ಡಿಸ್ಕ್‌ಗಳು ಕೆಟ್ಟವು. ಫಿಲ್ಮ್ ನಿಧಾನವಾಗಿ ಕೆಡುತ್ತದೆ, ಕೆಡುವಾಗ ಮುನ್ಸೂಚನೆಯನ್ನೂ ಕೊಡುತ್ತದೆ. ಅಸಿಟೇಟ್ ಫಿಲ್ಮ್ ಹಾಳಾಗತೊಡಗಿದರೆ ಪೆಟ್ಟಿಗೆ ತೆಗೆದೊಡನೆ ವಿನೆಗರಿನ ಹುಳಿ ವಾಸನೆ ಬರುತ್ತದೆ. ಅಂಥದ್ದನ್ನು ಉಳಿದವುಗಳಿಂದ ಕೂಡಲೇ ಬೇರೆ ಮಾಡಿ, ಮೊದಲು ಅದನ್ನೇ ಸ್ಕ್ಯಾನ್ ಮಾಡಬೇಕು. ನೆಗೆಟಿವಿನ ಮೇಲಿನ ಜೆಲಟಿನ್ ಪದರಕ್ಕೆ ಮಳೆಗಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಕವರುಗಳನ್ನು ತೆಗೆದುಹಾಕಿ ಕಾಗದದ ಕವರುಗಳಿಗೆ ಬದಲಿಸಿದ್ದೇನೆ, ಪೆಟ್ಟಿಗೆಗಳನ್ನು ನೆಲದಿಂದ ಎತ್ತರಿಸಿದ್ದೇನೆ, ಹೊರಗೋಡೆಗೆ ತಾಗದಂತೆ ಇಟ್ಟಿದ್ದೇನೆ.

ಸ್ಟುಡಿಯೋ ಮುಚ್ಚಬೇಕೆಂದಿರುವ ಕಸುಬಿನ ಗೆಳೆಯರು ಈಚೆಗೆ ಫೋನ್ ಮಾಡಿ, ಮೊದಲು ಯಾವುದನ್ನು ಉಳಿಸಬೇಕೆಂದು ಕೇಳುತ್ತಾರೆ. ಆರ್ಡರ್ ಪುಸ್ತಕವನ್ನು ಎನ್ನುತ್ತೇನೆ. ಸಂಖ್ಯೆ, ಹೆಸರು, ಊರು, ದಿನಾಂಕ, ಎಷ್ಟು ಪ್ರತಿ, ಎಷ್ಟು ಮುಂಗಡ ಎಂದು ಬರೆದಿರುವ ಆ ಪುಸ್ತಕಗಳನ್ನು ರದ್ದಿಗೆ ಹಾಕಿ ನೆಗೆಟಿವ್‌ಗಳನ್ನು ಮಾತ್ರ ಇಟ್ಟುಕೊಂಡವರಿದ್ದಾರೆ. ಅವರಲ್ಲಿ ಇರುವುದು ಯಾರದೆಂದು ತಿಳಿಯದ ಮುಖಗಳು. ಪುಸ್ತಕದ ಪುಟಗಳನ್ನು ಮೊಬೈಲಿನಲ್ಲೇ ಫೋಟೋ ತೆಗೆದು ಎರಡು ಕಡೆ ಇಡಿ, ಪೆಟ್ಟಿಗೆಯ ಮೇಲೆ ಆ ಪುಟಗಳ ಸಂಖ್ಯೆ ಬರೆಯಿರಿ, ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಎರಡನ್ನೂ ಬೇರ್ಪಡಿಸದೆ ನನಗೆ ಕಳಿಸಿ ಎಂದು ಹೇಳುತ್ತೇನೆ. ನಮ್ಮ ಕೋಣೆಯಲ್ಲಿ ಇನ್ನೂ ಒಂದು ಗೋಡೆ ಖಾಲಿ ಇದೆ.