ಐಹೊಳೆಯ ಒಂದು ಶಾಸನ, ಮೂರು ಥರದ ಪುರಾವೆ

ಪಿಎಚ್‌ಡಿ ಮಾಡೋ ಹುಡುಗ್ರ ಡ್ರಾಫ್ಟ್ ಓದುವಾಗ ಮತ್ತೆ ಮತ್ತೆ ಕಾಣೋದು ಒಂದೇ ಗೊಂದಲ, "ಶಾಸನದಲ್ಲಿದೆ, ಹಾಗಾಗಿ ನಿಜ" ಅಂತ ಒಂದೇ ಏಟಿಗೆ ಬರೆದುಬಿಡ್ತಾರೆ. ಶಾಸನದ ಸಾಲು ಬರೀ ಡೇಟಾ, ಅದು ಯಾವ ಪ್ರಶ್ನೆಗೆ ಪುರಾವೆ ಆಗತ್ತೆ ಅನ್ನೋದು ಆಮೇಲಿನ ಮಾತು.

ಐಹೊಳೆಯ ಮೇಗುತಿ ಬಸದಿ ಗೋಡೆ ಮೇಲಿರೋ, ರವಿಕೀರ್ತಿ ಅನ್ನೋ ಕವಿ ಬರೆದ ಶಾಸನಾನೇ ತಗೊಳ್ಳಿ. ಶಕ 556, ಅಂದ್ರೆ ಕ್ರಿ.ಶ. 634-35. ಅದರಲ್ಲಿ ಭಾರತ ಯುದ್ಧ ಆಗಿ 3735 ವರ್ಷ ಆಯ್ತು ಅಂತಿದೆ, ಇದನ್ನಿಟ್ಕೊಂಡು ಮಹಾಭಾರತ ಯುದ್ಧ ಕ್ರಿ.ಪೂ. 3102ರಲ್ಲಿ ನಡೀತು ಅಂತ ಸಾಬೀತಾಯ್ತು ಅಂತಾರೆ. ಆಗಲ್ಲ ರೀ! ಏಳನೇ ಶತಮಾನದ ಒಬ್ಬ ವಿದ್ವಾಂಸ ಹಾಗೆ ಲೆಕ್ಕ ಹಾಕ್ತಿದ್ದ ಅನ್ನೋದಕ್ಕೆ ಮಾತ್ರ ಇದು ಪುರಾವೆ. ಅದಕ್ಕೂ ಮುಂಚೆ ಆರ್ಯಭಟ ಹೇಳೋ, ಕಲಿಯುಗ ಯಾವಾಗ ಶುರುವಾಯ್ತು ಅನ್ನೋ ಲೆಕ್ಕಕ್ಕೂ ಇದು ಸರಿಯಾಗಿ ಹೊಂದತ್ತೆ, ಅಂದ್ರೆ ಜ್ಯೋತಿಷಿಗಳ ನಡುವೆ ಆಗ್ಲೇ ಬಳಕೆಲಿದ್ದ ಲೆಕ್ಕ.

ಅದೇ ಶಾಸನದಲ್ಲಿ ರವಿಕೀರ್ತಿ ತನ್ನನ್ನ ಸಂಸ್ಕೃತ ಕವಿಗಳಾದ ಕಾಳಿದಾಸ, ಭಾರವಿಗೆ ಸಮ ಅಂತ ಹೊಗಳ್ಕೊಳ್ತಾನೆ. ಅವನು ನಿಜವಾಗ್ಲೂ ಸಮಾನಾ ಇಲ್ವಾ ಬಿಡಿ, ಆದ್ರೆ ಆ ಇಬ್ರೂ 634ರ ಹೊತ್ತಿಗೆ ಕರ್ನಾಟಕದ ತನಕ ಹೆಸರು ಮಾಡಿದ್ರು ಅನ್ನೋದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಾ? ಅವನು ಹೇಳೋಕೆ ಹೊರಟಿದ್ದೇ ಬೇರೆ, ನಮಗೆ ಸಿಕ್ಕಿದ್ದೇ ಬೇರೆ, ಸಂಶೋಧನೆಲಿ ನಂಗೆ ತುಂಬಾ ಇಷ್ಟ ಆಗೋದು ಇದೇ.

ಇನ್ನು ಇಮ್ಮಡಿ ಪುಲಕೇಶಿ ಎದುರು ಹರ್ಷ ಭಯದಿಂದ ಹರ್ಷ ಕಳ್ಕೊಂಡ ಅನ್ನೋ ಫೇಮಸ್ ಸಾಲು. ಬರೆದವನು ಪುಲಕೇಶಿ ಆಶ್ರಯದಲ್ಲಿದ್ದ ಕವಿ, ದೊರೆನ ಹೊಗಳೋದು ಅವನ ಕೆಲಸ, ಹಾಗಾಗಿ ಇದೊಂದನ್ನೇ ನಂಬಿ ಬರೆಯೋ ಹಾಗಿಲ್ಲ. ಆದ್ರೆ ಚೀನಾದಿಂದ ಬಂದ ಹ್ಯುಯೆನ್ ತ್ಸಾಂಗ್ ಕೂಡ ಹರ್ಷ ಎಲ್ಲರನ್ನೂ ಗೆದ್ರೂ ಪುಲಕೇಶಿ ರಾಜ್ಯದೋರು ಮಾತ್ರ ಬಗ್ಗಲಿಲ್ಲ ಅಂತ ಬರೀತಾನೆ. ಅವನು ಹರ್ಷನ ಆತಿಥ್ಯ, ಗೌರವ ಪಡೆದವನು, ಪುಲಕೇಶಿ ಪರ ಸುಳ್ಳು ಹೇಳೋಕೆ ಅವನಿಗೇನು ಕಾರಣ? ಎರಡು ಬೇರೆ ಬೇರೆ ಕಡೆಯ ಮಾತು ಹೀಗೆ ಕೂಡಿದಾಗಲೇ ಹರ್ಷ ದಕ್ಷಿಣಕ್ಕೆ ಬರೋಕಾಗಲಿಲ್ಲ ಅನ್ನೋದನ್ನ ಧೈರ್ಯವಾಗಿ ಫ್ಯಾಕ್ಟ್ ಅಂತ ಬರೀಬಹುದು.

ಹರ್ಷ-ಪುಲಕೇಶಿ ಯುದ್ಧ ಯಾವ ವರ್ಷ ಆಯ್ತು ಅಂತ ಮಾತ್ರ ರವಿಕೀರ್ತಿ ಹೇಳಿಲ್ಲ. ಈ ಶಾಸನ ಕೆತ್ತೋದಕ್ಕೆ ಮುಂಚೆ ಅನ್ನೋದಷ್ಟೇ ಈ ಕಲ್ಲಿಂದ ಸಿಗೋದು, ಅದಕ್ಕಿಂತ ಕರೆಕ್ಟಾಗಿ ಬೇಕಂದ್ರೆ ತಾಮ್ರಪಟಗಳನ್ನ ಹುಡುಕ್ಬೇಕು.