ಮಾರೋಕೆ ಒಂದು ಮನೆಯೂ ಇಲ್ಲ, ಏನು ಪೋಸ್ಟ್ ಮಾಡಲಿ?

ರಿಯಲ್ ಎಸ್ಟೇಟ್ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆ. ಕೈಯಲ್ಲಿ ಮನೆಯಿಲ್ಲ, ಸೈಟಿಲ್ಲ, ಹೇಳಿಕೊಳ್ಳೋಕೆ ಒಂದು ವ್ಯವಹಾರವೂ ಆಗಿಲ್ಲ. ಸೋಷಿಯಲ್ ಮೀಡಿಯಾದಲ್ಲಿ ಏನು ಹಾಕುವುದು?

ಒಂದು ಏರಿಯಾ ಹಿಡಿಯಿರಿ, ಅದರ ಬಗ್ಗೆ ಹಾಕಿ. ಇಡೀ ಊರು ಬೇಡ.

ಮನೆ ಹುಡುಕುವವರಿಗೆ ಫೋಟೊಗಳಿಗೇನೂ ಕೊರತೆಯಿಲ್ಲ. ಅವರಿಗೆ ಸಿಗದಿರುವುದು ಬೇರೆ. ಆ ರಸ್ತೆಯಲ್ಲಿ ಬೆಳಿಗ್ಗೆ ಎಷ್ಟು ಟ್ರಾಫಿಕ್? ಮಳೆ ಬಂದರೆ ನೀರು ನಿಲ್ಲುತ್ತಾ? ರಾತ್ರಿ ಪಾರ್ಕಿಂಗ್ ಸಿಗುತ್ತಾ? ಇದನ್ನೆಲ್ಲ ತಿಳಿಯೋಕೆ ಅನುಭವ ಬೇಕಿಲ್ಲ, ಕಾಲು ಬೇಕು ಅಷ್ಟೇ. ಒಂದೇ ಬೀದಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ, ಮೊಬೈಲ್‌ನಲ್ಲೇ ವಿಡಿಯೊ ಮಾಡಿ. ಒಂದು ವಿಡಿಯೊಗೆ ಒಂದೇ ಪ್ರಶ್ನೆ. ಕೆಟ್ಟದ್ದಿದ್ದರೆ ಅದನ್ನೂ ಹೇಳಿ. ಎಲ್ಲವನ್ನೂ ಹೊಗಳುವ ಏಜೆಂಟ್ ಮಾತು ಯಾರು ನಂಬ್ತಾರೆ?

ಇನ್ನೊಂದು ವಿಷಯ ದಾಖಲೆಗಳದ್ದು. ಮುಂಗಡ ಕೊಡುವ ಮೊದಲು ಯಾವ ಕಾಗದ ನೋಡಬೇಕು, ಬ್ಯಾಂಕ್ ಸಾಲಕ್ಕೆ ಯಾವುದು ಬೇಕು, ಮನೆ ಬೆಲೆಯ ಮೇಲೆ ಇನ್ನೇನು ಖರ್ಚು ಬರುತ್ತದೆ. ಗೊತ್ತಿಲ್ಲದಿದ್ದರೆ ವಕೀಲರನ್ನು ಕೇಳಿ ತಿಳಿದುಕೊಂಡೇ ಹಾಕಿ. ಊಹೆಯಿಂದ ಕಾನೂನು ಹೇಳಬೇಡಿ.

ಎಲ್ಲ ಆ್ಯಪ್‌ನಲ್ಲೂ ಇರಬೇಕಾ ಅಂತಾರೆ. ಬೇಡ. ಇನ್‌ಸ್ಟಾಗ್ರಾಂ ಸ್ಟೋರಿ, ವಾಟ್ಸಾಪ್ ಸ್ಟೇಟಸ್ ಎರಡೂ 24 ಗಂಟೆಯಲ್ಲಿ ಮಾಯ. ಇವತ್ತಿನ ಸುದ್ದಿಗೆ ಅಷ್ಟು ಸಾಕು. ಆದರೆ ಮನೆ ಕೊಳ್ಳುವವರು ತಿಂಗಳುಗಟ್ಟಲೆ ಹುಡುಕುತ್ತಾರೆ. ಹಾಗಾಗಿ ದಾಖಲೆ, ಏರಿಯಾದಂಥ ವಿಷಯಗಳು ಯೂಟ್ಯೂಬ್‌ನಲ್ಲಿರಲಿ. ಅಲ್ಲಿ ಹಳೆಯ ವಿಡಿಯೊ ಕೂಡ ಹುಡುಕಿದವರಿಗೆ ಸಿಗುತ್ತದೆ, ವಿಡಿಯೊದ ಹೆಸರು ಮಾತ್ರ ಜನ ಹುಡುಕುವ ಮಾತಿನಲ್ಲೇ ಇರಬೇಕು. ಫೇಸ್‌ಬುಕ್‌ನಲ್ಲಿ ಸ್ವಂತ ಪ್ರೊಫೈಲ್‌ಗೆ 5000 ಸ್ನೇಹಿತರ ಮಿತಿ ಇದೆ, ಕೆಲಸಕ್ಕೆ ಪ್ರತ್ಯೇಕ ಪೇಜ್ ಮಾಡಿಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿ ಪ್ರೊಫೆಷನಲ್ ಅಕೌಂಟ್ ಮಾಡಿದರೆ ಎಷ್ಟು ಜನ ಸೇವ್ ಮಾಡಿದರು, ಶೇರ್ ಮಾಡಿದರು ಅಂತ ಕಾಣುತ್ತದೆ. ನಾನು ಲೈಕ್‌ಗಿಂತ ಅದನ್ನೇ ನೋಡುತ್ತೇನೆ. ಲೈಕ್ ಒತ್ತುವವರು ಬಹುಪಾಲು ನಮ್ಮ ನೆಂಟರು, ಗೆಳೆಯರು. ಮನೆ ಬೇಕಾದವರು ಸುಮ್ನೆ ಸೇವ್ ಮಾಡಿಟ್ಟುಕೊಂಡು ಹೋಗುತ್ತಾರೆ.

ಮೊದಲ ಮನೆ ಕೈಗೆ ಬಂದಾಗ ಎರಡು ಎಚ್ಚರಿಕೆ. ಮೊಬೈಲ್‌ನ 0.5 ಅಂತ ತೋರಿಸುವ, ಹೆಚ್ಚು ಅಗಲ ಹಿಡಿಯುವ ಲೆನ್ಸ್‌ನಲ್ಲಿ ಕೋಣೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಬಂದು ನೋಡಿದವರ ಮುಖ ಅಲ್ಲೇ ಸಪ್ಪಗಾಗುತ್ತದೆ. ಅಳತೆಯನ್ನು ಪೋಸ್ಟ್‌ನಲ್ಲೇ ಬರೆದುಬಿಡಿ. ಮತ್ತೆ, ಮಾಲೀಕರ ಒಪ್ಪಿಗೆ ಇಲ್ಲದೆ ಏನೂ ಹಾಕಬೇಡಿ. ಗೋಡೆ ಮೇಲಿನ ಕುಟುಂಬದ ಫೋಟೊ, ಬೀರು, ಕಾರಿನ ನಂಬರ್ ಕಾಣದ ಹಾಗೆ ತೆಗೆಯಿರಿ. ಮನೆ ಖಾಲಿ ಬಿದ್ದಿದೆ ಅಂತ ವಿಳಾಸದ ಸಮೇತ ಸಾರುವುದಂತೂ ಬೇಡವೇ ಬೇಡ.

ದುಡ್ಡು ಕೊಟ್ಟು ಫಾಲೋವರ್ಸ್ ತರಿಸೋಣವಾ ಅನ್ನುವವರೂ ಇದ್ದಾರೆ. ಆ ನಕಲಿ ಅಕೌಂಟ್‌ಗಳು ಮನೆ ಕೊಳ್ಳುವುದಿಲ್ಲ, ಅಲ್ವಾ? ಅದಕ್ಕೆ ಕಳೆಯುವ ಹೊತ್ತಿನಲ್ಲಿ, ನಿಮಗೆ ಬಂದ ಮೆಸೇಜ್‌ಗಳಿಗೆ ಅದೇ ದಿನ ಉತ್ತರ ಬರೆಯಿರಿ. "ಬೆಲೆ ಎಷ್ಟು" ಅಂತ ಕೇಳಿದವರಿಗೆ ಬೆಲೆ ಹೇಳಿ, "ಇನ್‌ಬಾಕ್ಸ್ ನೋಡಿ" ಅನ್ನಬೇಡಿ.