ಕಾಗದದ ಲೋಟ ಹಿಡಿದ ಕೈ

ಮಂಜುಗಡ್ಡೆ ಪುಡಿ ಮಾಡುವ ಯಂತ್ರಕ್ಕೆ ಸಿಕ್ಕಿ ಬಲಗೈ ಕಳೆದುಕೊಂಡಿದ್ದ ನೆರೆಮನೆಯ ಅಣ್ಣ, ಇಂದು ಬೆಳಿಗ್ಗೆ ಮಲ್ಪೆ ಬಂದರಿನ ಹೋಟೆಲಿನಲ್ಲಿ ತಮ್ಮ ಹೊಸ ಬಯೋನಿಕ್ ಕೈಯಿಂದ, ಅಂದರೆ ಮೋಟಾರಿನಿಂದ ಆಡುವ ಕೃತಕ ಕೈಯಿಂದ, ಚಹಾದ ಕಾಗದದ ಲೋಟವನ್ನು ಎತ್ತಿದರು. ಮೋಟಾರಿನ ಸಣ್ಣ ಸದ್ದಿನೊಂದಿಗೆ ಬೆರಳುಗಳು ಮಡಚಿಕೊಂಡವು. ಲೋಟದ ಅಂಚು ತುಸು ಒಳಕ್ಕೆ ಬಾಗಿತು, ಆದರೆ ಒಂದು ಹನಿಯೂ ಚೆಲ್ಲಲಿಲ್ಲ.

"ಬೆರಳು ಮಡಚಬೇಕು ಅಂತ ಎಣಿಸಿದರೆ ಸಾಕು ಮಾರಾಯ, ಇಲ್ಲಿ ಬಿಗಿ ಆಗ್ತದೆ" ಎಂದು ಮೊಣಕೈಯ ಕೆಳಗೆ ಮುಟ್ಟಿ ತೋರಿಸಿದರು.

ಕೈ ಹೋದ ಮೇಲೆ ಉಳಿದ ತೋಳಿನ ಸ್ನಾಯು ಬಿಗಿಯಾದಾಗ ಹುಟ್ಟುವ, ಮಿಲಿವೋಲ್ಟ್ ಲೆಕ್ಕದಲ್ಲಷ್ಟೇ ಅಳೆಯಬಹುದಾದ ವಿದ್ಯುತ್ ಸಂಕೇತವನ್ನು ಚರ್ಮಕ್ಕೆ ತಾಗಿದ ಎಲೆಕ್ಟ್ರೋಡುಗಳು ಹಿಡಿಯುತ್ತವೆ. ಅದನ್ನು ಹಿಗ್ಗಿಸಿ ಓದುವ ಎಲೆಕ್ಟ್ರಾನಿಕ್ ಚಿಪ್ ಮೋಟಾರುಗಳಿಗೆ ಆಜ್ಞೆ ಕೊಡುತ್ತದೆ. ಐದೂ ಬೆರಳು ಬೇರೆ ಬೇರೆಯಾಗಿ ಆಡುವ ಐ-ಲಿಂಬ್ ಎಂಬ ಕೃತಕ ಕೈ 2007ರಲ್ಲಿ ಮಾರುಕಟ್ಟೆಗೆ ಬಂದಿತು. 2018ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನ ಓಪನ್ ಬಯೋನಿಕ್ಸ್ ಕಂಪನಿ ಮೂರು ಆಯಾಮದ ಮುದ್ರಣದಿಂದ ಹೀರೋ ಆರ್ಮ್ ಎಂಬ ಕೈ ತಯಾರಿಸಿ, ಹಗುರವಾದ ಕೈಯನ್ನು ಕಡಿಮೆ ಬೆಲೆಗೆ ಕೊಡಲು ಹೊರಟಿತು. ಭಾರತದಲ್ಲಿಯೂ ತಯಾರಕರು ಹುಟ್ಟಿಕೊಂಡಿದ್ದಾರೆ.

ಆದರೆ ನಮ್ಮ ಕರಾವಳಿಯ ಸೆಕೆಗೆ ತಕ್ಕ ಕೈ ಬೇಕು ಎಂಬುದೇ ನನ್ನ ಆಸೆ. ಬೆವರಿದರೆ ಎಲೆಕ್ಟ್ರೋಡು ಜಾರಿ ಸಂಕೇತ ಕೆಡುತ್ತದೆ. ಚಹಾ ಮುಗಿಸಿದ ಅಣ್ಣ ಆ ಕೈಯನ್ನು ಬಿಚ್ಚಿ, ತೋಳನ್ನು ಬೈರಾಸಿನಲ್ಲಿ ಒರೆಸಿಕೊಂಡು, ಮತ್ತೆ ತೊಟ್ಟರು.